ಹಳೆಯ ಕಂಪ್ಯೂಟರಿಗೆ ಹೊಸ ಕಣಜ

(ಹಾಲು ಉತ್ಪಾದಕರ ಸಂಘದ ಕಟ್ಟಡದಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬೀಜ ಗೊಬ್ಬರಗಳ ವಿಷಯ ಕೇಳಲು ಬಂದವರ ಮುಂದೆ ಕಂಪ್ಯೂಟರಿನ ಪುರಾಣ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಒಂದು ಮಾತು ಯೋಚಿಸಿ ನೋಡಿ. ಬೆಳಿಗ್ಗೆ ಹಾಲು ಅಳೆದು, ಕೊಬ್ಬಿನ ಅಂಶ ಪರೀಕ್ಷಿಸಿದ ಮೇಲೆ ನಿಮ್ಮ ಲೆಕ್ಕ ಏರುವುದು ಎಲ್ಲಿಗೆ? ಪತ್ತಿನ ಸಂಘದಲ್ಲಿ ತೆಗೆದ ಬೆಳೆ ಸಾಲದ ಬಾಕಿ ಬರೆದಿರುವುದು ಎಲ್ಲಿ? ಪಹಣಿಯಂತೂ ಕೈಬರಹದ ಪುಸ್ತಕವನ್ನು ಬಿಟ್ಟು ಕಂಪ್ಯೂಟರಿಗೆ ಹೋಗಿ ಎರಡು ದಶಕಗಳೇ ಮೀರಿದವು. ಆದುದರಿಂದ ಈ ಯಂತ್ರ ಕೆಟ್ಟರೆ ನಷ್ಟವಾಗುವುದು ಪಟ್ಟಣದವರಿಗೆ ಮಾತ್ರವಲ್ಲ, ದಿನಕ್ಕೆ ಎರಡು ಹೊತ್ತು ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವ ನಮಗೂ ಹೌದು.

ಅನೇಕ ಸಂಘಗಳಲ್ಲಿ, ಶಾಲೆಗಳಲ್ಲಿ, ಮನೆಗಳಲ್ಲಿ ಇರುವ ಯಂತ್ರಗಳು 2011, 2012, 2013ರ ಸುಮಾರಿನಲ್ಲಿ ಕೊಂಡವು. ಗುಂಡಿ ಒತ್ತಿ, ಕೈಕಾಲು ತೊಳೆದು, ಕಾಫಿ ಕುಡಿದು ಬಂದರೂ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ. ಅಂಗಡಿಯವರನ್ನು ಕೇಳಿದರೆ, "ಇದು ಹಳೇದಾಯ್ತು, ಎಸೆದು ಹೊಸದು ತಗೊಳ್ಳಿ" ಎನ್ನುತ್ತಾರೆ. ಹೊಸದಕ್ಕೆ ಹಣ ಎಲ್ಲಿಂದ ಬರಬೇಕು? ಸದಸ್ಯರಿಗೆ ಹಂಚುವ ಬೋನಸ್ಸಿನಿಂದಲೇ ಬರಬೇಕು. ಎತ್ತು ಕುಂಟಿದರೆ ಮೊದಲು ಗೊರಸು ನೋಡುತ್ತೇವೆ. ನೋಡದೆ ಸಂತೆಗೆ ಹೊಡೆಯುವುದಿಲ್ಲ. ಈ ಯಂತ್ರದ ಗೊರಸನ್ನೂ ಸ್ವಲ್ಪ ನೋಡೋಣ.

ಅಷ್ಟು ವಯಸ್ಸಿನ ಕಂಪ್ಯೂಟರು ನಿಧಾನವಾಗಲು ಬಹುತೇಕ ಕಾರಣ ಅದರ ಹಾರ್ಡ್‌ಡಿಸ್ಕು. ಡಿಸ್ಕೆಂದರೆ ಕಂಪ್ಯೂಟರಿನ ಕಣಜ. ಲೆಕ್ಕಪತ್ರವೆಲ್ಲ ಅದರಲ್ಲಿ ತುಂಬಿರುತ್ತದೆ. ಹಳೆಯ ಬಗೆಯ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಅದರ ಮೇಲೆ ಒಂದು ಸೂಕ್ಷ್ಮವಾದ ಕಡ್ಡಿ ಅತ್ತಿತ್ತ ಓಡಾಡಿ ಓದುತ್ತದೆ. ಬೇಕಾದುದೆಲ್ಲ ಒಂದೇ ಕಡೆ ಸಾಲಾಗಿದ್ದರೆ ಸೆಕೆಂಡಿಗೆ 100ರಿಂದ 150 ಮೆಗಾಬೈಟಿನವರೆಗೆ ಓದೀತು. ಆದರೆ ಕಂಪ್ಯೂಟರು ಏಳುವಾಗ ಬೇಕಾಗುವುದು ಅಲ್ಲೊಂದು ಇಲ್ಲೊಂದು ಬಿದ್ದಿರುವ ಸಾವಿರಾರು ಸಣ್ಣ ತುಣುಕುಗಳು. ಅಂಥವನ್ನು ಈ ಕಡ್ಡಿ ಸೆಕೆಂಡಿಗೆ ನೂರರ ಆಸುಪಾಸಿನಲ್ಲಿ ಮಾತ್ರ ಹೆಕ್ಕಬಲ್ಲದು. ಹೊಲದ ತುಂಬ ಚೆಲ್ಲಿದ ಕಡಲೆಕಾಯಿಯನ್ನು ಒಬ್ಬನೇ ಆಳು ಆಯ್ದಂತೆ. ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಕಣಜದಲ್ಲಿ ತಿರುಗುವುದು ಯಾವುದೂ ಇಲ್ಲ, ಎಲ್ಲ ಚಿಪ್ಪುಗಳೇ. ಅದು ಇಂಥ ತುಣುಕುಗಳನ್ನು ಸೆಕೆಂಡಿಗೆ ಹತ್ತಾರು ಸಾವಿರದ ಲೆಕ್ಕದಲ್ಲಿ ಹೆಕ್ಕುತ್ತದೆ. ಯಂತ್ರ ಅದೇ, ಪ್ರೊಸೆಸರು ಅದೇ; ಕಣಜ ಬದಲಾದರೆ ಚುರುಕು ಬರುತ್ತದೆ.

ಈಗ ಕಣಜದಲ್ಲಿ ಎರಡು ಜಾತಿ ಇದೆ, ಅದನ್ನು ತಿಳಿಯದೆ ಕೊಂಡರೆ ಮೋಸ ಹೋಗುತ್ತೀರಿ. ಮೊದಲನೆಯದು ಸಾಟಾ ಜಾತಿ. ಹಳೆಯ ಹಾರ್ಡ್‌ಡಿಸ್ಕಿಗೆ ಹೋಗುತ್ತಿದ್ದ ಅದೇ ತಂತಿ ಇದಕ್ಕೂ ಸರಿಹೋಗುತ್ತದೆ. ಹಳೆಯ ಮದರ್‌ಬೋರ್ಡು ಇದನ್ನು ಮರುಮಾತಿಲ್ಲದೆ ಒಪ್ಪುತ್ತದೆ. ಎರಡನೆಯದು ಎನ್‌ವಿಎಂಇ ಜಾತಿ. ಇದು ಹೆಬ್ಬೆರಳಗಲದ, 22 ಮಿಲಿಮೀಟರ್ ಅಗಲ, ಸಾಮಾನ್ಯವಾಗಿ 80 ಮಿಲಿಮೀಟರ್ ಉದ್ದದ ಒಂದು ಪಟ್ಟಿ. ಹೊಸ ಯಂತ್ರಗಳಲ್ಲಿ ಈಗ ಇದೇ ಬರುತ್ತದೆ. ಇದರ ವೇಗ ಸಾಟಾದ ಹಲವು ಪಟ್ಟು. ಹಳೆಯ ಬೋರ್ಡು ಒಪ್ಪದಿರುವುದು ಇದನ್ನೇ. ಇದನ್ನು ಒಪ್ಪಿಸುವ ಬಗೆ ಹೇಗೆಂಬುದೇ ಇಂದಿನ ನನ್ನ ವಿಷಯ.

ಒಪ್ಪುವುದಿಲ್ಲ ಎಂದರೆ ಏನು? ಕೆರೆಯ ನೀರುಗಂಟಿಯನ್ನು ನೆನೆದುಕೊಳ್ಳಿ. ಊರು ಏಳುವ ಮೊದಲೇ ಎದ್ದು ಹೋಗಿ ತೂಬು ಎತ್ತುವವನು ಅವನು. ತೂಬು ಎತ್ತಿದ ಮೇಲೆ ನೀರು ತನ್ನ ಕಾಲುವೆಯಲ್ಲಿ ತಾನೇ ಹರಿಯುತ್ತದೆ. ಮದರ್‌ಬೋರ್ಡಿನ ಮೇಲೆ ಎಂಟು ಕಾಲಿನ ಒಂದು ಸಣ್ಣ ಚಿಪ್ಪು ಇರುತ್ತದೆ. ಅದರೊಳಗೆ ಬರೆದಿಟ್ಟಿರುವ ಅಪ್ಪಣೆಗಳಿಗೆ ಫರ್ಮ್‌ವೇರ್ ಎಂದು ಹೆಸರು. ರೂಢಿಯಲ್ಲಿ ಬಯಾಸ್ ಎನ್ನುತ್ತಾರೆ. ಕರೆಂಟು ಬಂದ ಕೂಡಲೇ ಪ್ರೊಸೆಸರಿಗೆ ಏನೂ ತಿಳಿದಿರುವುದಿಲ್ಲ. ಮೊದಲ ಅಪ್ಪಣೆ ಈ ಚಿಪ್ಪಿನಿಂದಲೇ ಸಿಗಬೇಕು. ಬಯಾಸು ಎದ್ದು, ಮೆಮೊರಿ ಸರಿಯಿದೆಯೇ, ಕೀಲಿಮಣೆ ಇದೆಯೇ ಎಂದು ನೋಡಿ, ಡಿಸ್ಕನ್ನು ಹುಡುಕಿ, ಅದರಲ್ಲಿರುವ ವಿಂಡೋಸೋ ಲಿನಕ್ಸೋ ಯಾವುದೋ ಒಂದರ ಮೊದಲ ತುಣುಕನ್ನು ಎತ್ತಿ, ಅದರ ಕೈಗೆ ಅಧಿಕಾರ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಕೆರೆಗೆ ಹೊಸದಾಗಿ ಇನ್ನೊಂದು ತೂಬು ಕಟ್ಟಿಸಿ, ನೀರುಗಂಟಿಗೆ ಹೇಳದೆ ಇದ್ದರೆ ಏನಾಗುತ್ತದೆ? ತೂಬೇನೋ ಗಟ್ಟಿಮುಟ್ಟಾಗಿರುತ್ತದೆ, ನೀರು ಮಾತ್ರ ಬರುವುದಿಲ್ಲ. 2012ರ ಬೋರ್ಡಿನಲ್ಲಿ ಎನ್‌ವಿಎಂಇ ಕಾರ್ಡಿನ ಗತಿಯೂ ಅದೇ. ಹಳೆಯ ಡಿಸ್ಕಿನಿಂದ ಯಂತ್ರ ಎದ್ದ ಮೇಲೆ ವಿಂಡೋಸು ಆ ಕಾರ್ಡನ್ನು ಕಾಣುತ್ತದೆ, ಅದರಲ್ಲಿ ಕಡತ ಬರೆಯುತ್ತದೆ, ಓದುತ್ತದೆ. ಆದರೆ ಆ ಕಾರ್ಡಿನಿಂದಲೇ ಯಂತ್ರವನ್ನು ಎಬ್ಬಿಸಿ ಎಂದರೆ ಬಯಾಸಿಗೆ ಅದು ಕಾಣುವುದೇ ಇಲ್ಲ.

ಇದು ಇಂದಿನ ತೊಂದರೆಯೆಂದು ತಿಳಿಯಬೇಡಿ. ಈ ಜಾತಿಯ ಯಂತ್ರ ಹುಟ್ಟಿದಾಗಿನಿಂದ ಬಂದದ್ದು. ಅಮೆರಿಕದ ಐಬಿಎಂ ಕಂಪನಿ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದದ್ದು 1981ರ ಆಗಸ್ಟಿನಲ್ಲಿ. ಆಗ ಅದಕ್ಕೆ ಹಾರ್ಡ್‌ಡಿಸ್ಕೇ ಇರಲಿಲ್ಲ. ಫ್ಲಾಪಿ, ಇಲ್ಲವೇ ಕ್ಯಾಸೆಟ್ಟು. ಆಮೇಲೆ ಹಾರ್ಡ್‌ಡಿಸ್ಕಿನ ಕಾರ್ಡುಗಳು ಬಂದವು. ಆ ಕಾರ್ಡಿನಲ್ಲಿ ಅದರದೇ ಒಂದು ಚಿಪ್ಪು, ಅದರಲ್ಲಿ ಡಿಸ್ಕನ್ನು ಓದುವ ವಿದ್ಯೆ. ಆದರೆ 1981ರ ಬಯಾಸಿಗೆ ಕಾರ್ಡಿನ ಮೇಲಿನ ಚಿಪ್ಪನ್ನು ಹುಡುಕಿ ನೋಡುವ ಅಭ್ಯಾಸವೇ ಇರಲಿಲ್ಲ. 1982ರ ಅಕ್ಟೋಬರ್ 27ರ ತಾರೀಖು ಹೊತ್ತ ಬಯಾಸಿನಲ್ಲಿ ಆ ಅಭ್ಯಾಸವನ್ನು ಸೇರಿಸಿದರು. ಹಳೆಯ ಯಂತ್ರದವರು ಸಾಕೆಟ್ಟಿನಿಂದ ಹಳೆಯ ಚಿಪ್ಪನ್ನು ಕಿತ್ತು ಹೊಸ ಚಿಪ್ಪನ್ನು ಕೂರಿಸಿಕೊಂಡರೆ ಮಾತ್ರ ಡಿಸ್ಕಿನಿಂದ ಯಂತ್ರ ಏಳುತ್ತಿತ್ತು. 1983ರಲ್ಲಿ ಬಂದ ಪಿಸಿ ಎಕ್ಸ್‌ಟಿ ಎಂಬ ಯಂತ್ರಕ್ಕೆ 10 ಮೆಗಾಬೈಟಿನ ಡಿಸ್ಕು ಜೊತೆಗೇ ಬಂತು. ಇಂದು ನಿಮ್ಮ ಫೋನಿನಲ್ಲಿ ತೆಗೆಯುವ ಎರಡು ಮೂರು ಫೋಟೋ ಹಿಡಿಸುವಷ್ಟು ಜಾಗ ಅದು!

ಮುಂದೆ ಡಿಸ್ಕು ದೊಡ್ಡದಾದಂತೆಲ್ಲ ಬಯಾಸು ಹಿಂದೆ ಬಿದ್ದಿತು. 504 ಮೆಗಾಬೈಟಿನ ಗೋಡೆಯ ಕಥೆಯಂತೂ ಸ್ವಾರಸ್ಯವಾದದ್ದು. ಡಿಸ್ಕಿನೊಳಗಿನ ಒಂದೊಂದು ಜಾಗಕ್ಕೂ ಆಗ ಮೂರು ಅಂಕಿಯ ವಿಳಾಸವಿತ್ತು, ನಮ್ಮಲ್ಲಿ ಊರು, ಬೀದಿ, ಮನೆ ನಂಬರು ಎಂದಂತೆ. ಬಯಾಸಿನ ಪುಸ್ತಕದಲ್ಲಿ ಮೊದಲ ಅಂಕಣ 1024ಕ್ಕೆ ನಿಲ್ಲುತ್ತಿತ್ತು, ಎರಡನೆಯ ಅಂಕಣ ಧಾರಾಳವಾಗಿತ್ತು. ಡಿಸ್ಕಿನ ಪುಸ್ತಕದಲ್ಲಿ ಮೊದಲನೆಯದು ಧಾರಾಳ, ಎರಡನೆಯದು ಮಾತ್ರ 16ಕ್ಕೇ ಮುಗಿಯುತ್ತಿತ್ತು. ಮೂರನೆಯದು 63. ಇಬ್ಬರು ಗುಮಾಸ್ತರೂ ಒಪ್ಪಬೇಕಾದರೆ ಎರಡು ಪುಸ್ತಕಗಳಲ್ಲೂ ಚಿಕ್ಕ ಅಂಕಿಯೇ ಗತಿ. 1024, 16, 63, ಒಂದೊಂದು ಜಾಗಕ್ಕೆ 512 ಬೈಟು, ಗುಣಿಸಿ ನೋಡಿ; 504 ಮೆಗಾಬೈಟಿಗೆ ಬಂದು ನಿಲ್ಲುತ್ತದೆ. ಒಂದೊಂದು ಕಡೆಯೂ ಉದಾರಿಯೇ, ಇಬ್ಬರೂ ಸೇರಿದಾಗ ಜಿಪುಣರು! ಇದನ್ನು ದಾಟಿದ ಮೇಲೆ 8.4 ಗಿಗಾಬೈಟಿನಲ್ಲಿ ಒಂದು ಗೋಡೆ, ಅದಾದ ಮೇಲೆ 137 ಗಿಗಾಬೈಟಿನಲ್ಲಿ ಇನ್ನೊಂದು. ಪ್ರತಿ ಸಲವೂ ಬಯಾಸನ್ನು ತಿದ್ದಿ, ಇಲ್ಲವೇ ಅದರ ಮೇಲೊಂದು ಸಣ್ಣ ಸಹಾಯಕ ಪ್ರೋಗ್ರಾಮನ್ನು ಕೂರಿಸಿ ಗೋಡೆ ದಾಟಿದರು. ಆದುದರಿಂದ ಬಯಾಸನ್ನು ಮುಟ್ಟುವುದೇ ಮಹಾಪರಾಧವೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ತಿಳಿಯದೆ ಮುಟ್ಟುವುದು ಮಾತ್ರ ಕೆಟ್ಟದ್ದು.

ಎನ್‌ವಿಎಂಇ ಎಂಬ ಭಾಷೆಯ ಮೊದಲ ನಿಯಮಾವಳಿ ಹೊರಬಂದದ್ದು 2011ರ ಮಾರ್ಚಿನಲ್ಲಿ. ಅದಕ್ಕೆ ಮೊದಲಿನ ಸಾಟಾ ಭಾಷೆ ತಿರುಗುವ ತಟ್ಟೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು; ಅದರಲ್ಲಿ ಅಪ್ಪಣೆಗಳಿಗೆ ಒಂದೇ ಸಾಲು, ಆ ಸಾಲಿನಲ್ಲಿ 32 ಜನಕ್ಕೆ ಜಾಗ. ಎನ್‌ವಿಎಂಇಯಲ್ಲಿ ಸಾವಿರಾರು ಸಾಲುಗಳಿಗೆ ಅವಕಾಶವಿದೆ. ನಮ್ಮ ಬೋರ್ಡುಗಳು ತಯಾರಾದ ಕಾಲದಲ್ಲಿ ಇಂಥ ಕಾರ್ಡು ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲವಾದ್ದರಿಂದ, ಬೋರ್ಡು ಮಾಡಿದವರು ಬಯಾಸಿಗೆ ಅದನ್ನು ಕಲಿಸಲಿಲ್ಲ. 2014ರ ಸುಮಾರಿನ ಬೋರ್ಡುಗಳಿಂದ ಮುಂದಕ್ಕೆ ಕಲಿಸಿದರು. ಹಳೆಯವಕ್ಕೆ ಮತ್ತೆ ಬಂದು ಕಲಿಸುವ ಗೋಜಿಗೆ ಬಹುಪಾಲು ಹೋಗಲಿಲ್ಲ. ವ್ಯಾಪಾರಿಗೆ ಹೊಸದು ಮಾರಬೇಕು, ಅವರನ್ನು ದೂರಿ ಫಲವಿಲ್ಲ.

ಇರಲಿ. ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಮಾತನ್ನು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಯಂತ್ರ ಮಾಡುವುದು ಹಾಲಿನ ಲೆಕ್ಕ, ರಸೀತಿ, ಪತ್ರ ಇಷ್ಟೇ ಆದರೆ, ಬಯಾಸನ್ನು ಮುಟ್ಟುವ ಅಗತ್ಯವೇ ಇಲ್ಲ. ಸಾಟಾ ಎಸ್‌ಎಸ್‌ಡಿ ಒಂದನ್ನು ಕೊಂಡು ಹಳೆಯ ಡಿಸ್ಕಿನ ಜಾಗದಲ್ಲಿ ಹಾಕಿಸಿ. ಅದು ಸೆಕೆಂಡಿಗೆ ಸುಮಾರು 550 ಮೆಗಾಬೈಟು ಓದುತ್ತದೆ. ಬೋರ್ಡಿನ ಕಿಂಡಿ ಹಳೆಯ ಸಾಟಾ-2 ಆಗಿದ್ದರೆ ಅದರ ಅರ್ಧ. ಅರ್ಧವೇ ಆದರೂ ಯಂತ್ರ ಏಳುವ ಹೊತ್ತಿನಲ್ಲಿ ಕಾಣುವ ವ್ಯತ್ಯಾಸ ಅಜಗಜಾಂತರ. ಅಲ್ಲಿಂದ ಎನ್‌ವಿಎಂಇಗೆ ಹೋದರೆ ಲೆಕ್ಕ ಬರೆಯುವವರಿಗೆ ತಿಳಿಯುವ ಹೆಚ್ಚುಗಾರಿಕೆ ಸ್ವಲ್ಪವೇ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲವೇ?

ಹಾಗಾದರೆ ಈ ವಿದ್ಯೆ ಯಾರಿಗೆ? ಹೊಸ ಲ್ಯಾಪ್‌ಟಾಪಿನಿಂದ ತೆಗೆದ ಎನ್‌ವಿಎಂಇ ಕಾರ್ಡು ಮಗನೋ ಅಳಿಯನೋ ಊರಿಗೆ ತಂದುಕೊಟ್ಟು, ಅದು ಸುಮ್ಮನೆ ಡ್ರಾಯರಿನಲ್ಲಿ ಬಿದ್ದಿದ್ದರೆ ಅಂಥವರಿಗೆ. ಬೋರ್ಡಿನ ಸಾಟಾ ಕಿಂಡಿಗಳು ಸುಟ್ಟೋ ತುಕ್ಕು ಹಿಡಿದೋ ಹೋಗಿದ್ದರೆ ಅಂಥವರಿಗೆ. ದೊಡ್ಡ ದೊಡ್ಡ ವಿಡಿಯೋ ಕಡತಗಳನ್ನು ಕತ್ತರಿಸಿ ಜೋಡಿಸುವ ಯುವಕರಿಗೆ. ಮತ್ತು ಕಲಿಯಬೇಕೆಂಬ ಆಸೆ ಇರುವವರಿಗೆ. ಇದೂ ಸಣ್ಣ ಕಾರಣವಲ್ಲ.

ಕಾರ್ಡನ್ನು ಕೂರಿಸುವುದು ಸುಲಭ. ಹಳೆಯ ಬೋರ್ಡಿನಲ್ಲಿ ಅದಕ್ಕೆ ತಕ್ಕ ಕಿಂಡಿ ಇರುವುದಿಲ್ಲವಾದ್ದರಿಂದ, ಗ್ರಾಫಿಕ್ಸ್ ಕಾರ್ಡು ಹಾಕುವ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗೆ ಒಂದು ಅಡಾಪ್ಟರ್ ಕಾರ್ಡು ಕೊಂಡು ಹಾಕಬೇಕು. ಸಂಘದ ಯಂತ್ರಗಳಲ್ಲಿ ಆ ಕಿಂಡಿ ಸಾಮಾನ್ಯವಾಗಿ ಖಾಲಿಯೇ ಇರುತ್ತದೆ. ಪಕ್ಕದ ಗಿಡ್ಡ ಕಿಂಡಿಗೆ ಹಾಕಿದರೆ ಒಂದೇ ದಾರಿ ಸಿಕ್ಕಿ ಸೆಕೆಂಡಿಗೆ 500 ಮೆಗಾಬೈಟು ದಾಟದು. ಆಗ ಸಾಟಾಗಿಂತ ಏನೂ ಹೆಚ್ಚಲ್ಲ. ಕೊಳ್ಳುವಾಗ ಇನ್ನೊಂದು ಎಚ್ಚರ. ಅದೇ ಅಳತೆಯ, ಅದೇ ಆಕಾರದ ಪಟ್ಟಿಗಳಲ್ಲಿ ಸಾಟಾ ಭಾಷೆ ಆಡುವವೂ ಇವೆ. ಸಾಮಾನ್ಯವಾಗಿ ಅವಕ್ಕೆ ತುದಿಯಲ್ಲಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು ಕಚ್ಚು. ಎರಡು ಕಚ್ಚಿನದನ್ನು ತಂದು ಈ ಅಡಾಪ್ಟರಿಗೆ ಹಾಕಿದರೆ ಅದು ಕೆಲಸ ಮಾಡದೆ ಇರುವುದಕ್ಕೆ ಬಯಾಸನ್ನು ಬೈದು ಪ್ರಯೋಜನವಿಲ್ಲ. ಕಚ್ಚನ್ನೇ ನಂಬದೆ, ಮೇಲೆ ಅಂಟಿಸಿದ ಚೀಟಿಯನ್ನೂ ಓದಿ.

ಈಗ ಮುಖ್ಯ ಕೆಲಸ. ಮಾವಿಗೆ ಕಸಿ ಕಟ್ಟುವುದನ್ನು ಬಲ್ಲವರಿಗೆ ಇದು ಬೇಗ ಅರ್ಥವಾದೀತು. 2011ರಿಂದೀಚಿನ ಬಹುಪಾಲು ಬೋರ್ಡುಗಳ ಬಯಾಸು ಯುಇಎಫ್‌ಐ ಎಂಬ ಹೊಸ ಕಟ್ಟಡದ್ದು. ಅದು ಒಂದೇ ಮುದ್ದೆಯಲ್ಲ. ಕೀಲಿಮಣೆಗೆ ಒಂದು ತುಣುಕು, ಯುಎಸ್‌ಬಿಗೆ ಒಂದು, ಸಾಟಾಗೆ ಒಂದು ಎಂಬಂತೆ ಬಿಡಿ ಬಿಡಿ ತುಣುಕುಗಳನ್ನು ಜೋಡಿಸಿ ಮಾಡಿದ್ದು. ಎನ್‌ವಿಎಂಇಯ ತುಣುಕು ಒಂದು ಇಲ್ಲ, ಅಷ್ಟೇ ಕೊರತೆ. ಆ ತುಣುಕು ಟಿಯಾನೊಕೋರ್ ಎಂಬ ಮುಕ್ತ ಯೋಜನೆಯಲ್ಲಿ ಯಾರು ಬೇಕಾದರೂ ಓದಿ ಬಳಸಬಹುದಾದ ರೂಪದಲ್ಲಿ ಸಿಗುತ್ತದೆ. ಅದರ ಗಾತ್ರ ಕೆಲವು ಹತ್ತು ಕಿಲೋಬೈಟು ಮಾತ್ರ. ಬಯಾಸಿನ ಕಡತವನ್ನು ಯುಇಎಫ್‌ಐಟೂಲ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ತೆರೆದು, ಡ್ರೈವರುಗಳಿರುವ ಭಾಗದ ಕೊನೆಯ ಡ್ರೈವರಿನ ಹಿಂದೆ ಈ ತುಣುಕನ್ನು ಸೇರಿಸಿ ಉಳಿಸಬೇಕು. ಈ ಪ್ರೋಗ್ರಾಮಿನ ಹೊಸ ಸರಣಿಯಲ್ಲಿ ನೋಡಬಹುದೇ ಹೊರತು ಸೇರಿಸಲು ಬರುವುದಿಲ್ಲ. ಸೇರಿಸುವುದಕ್ಕೆ ಹಳೆಯ 0.28 ಆವೃತ್ತಿಯೇ ಬೇಕು. ಉಳಿಸಿದ ಕಡತವನ್ನು ಮತ್ತೊಮ್ಮೆ ತೆರೆದು, ಹೊಸ ತುಣುಕು ಬಂದಿದೆಯೇ, ಹಳೆಯ ತುಣುಕುಗಳೆಲ್ಲ ಹಾಗೆಯೇ ಇವೆಯೇ ಎಂದು ಮೂಲದ ಪಕ್ಕದಲ್ಲಿಟ್ಟು ಹೋಲಿಸಬೇಕು. ಈ ಹೋಲಿಕೆಗೆ ಬೇಸರಪಡುವವರು ಕಸಿಗೆ ಕೈ ಹಾಕದಿರುವುದೇ ಲೇಸು. ಚಿಪ್ಪು 4 ಮೆಗಾಬೈಟಿನದಾದರೆ ಕೆಲವೊಮ್ಮೆ ತುಣುಕಿಗೆ ಜಾಗವೇ ಸಾಲದು. 8 ಮೆಗಾಬೈಟಿನದರಲ್ಲಿ ಸಾಮಾನ್ಯವಾಗಿ ತೊಂದರೆಯಿಲ್ಲ. ಜಾಗ ಸಾಲದೆಂದು ಬೇರೆ ತುಣುಕನ್ನು ಕಿತ್ತೆಸೆಯಲು ಹೋಗಬೇಡಿ.

ತಿದ್ದಿದ ಬಯಾಸನ್ನು ಚಿಪ್ಪಿಗೆ ಬರೆಯುವುದು ಹೇಗೆ? ಬೋರ್ಡು ಮಾಡಿದ ಕಂಪನಿಯ ಪ್ರೋಗ್ರಾಮಿನಿಂದ ಬರೆಯಲು ಹೋದರೆ, ಕಡತದ ಮೇಲೆ ಕಂಪನಿಯ ಮುದ್ರೆ ಸರಿಯಿಲ್ಲವೆಂದು ಅದು ಅನೇಕ ಸಲ ಹಿಂದಕ್ಕೆ ತಳ್ಳುತ್ತದೆ. ತಳ್ಳದಿದ್ದರೂ ಇನ್ನೊಂದು ಭಯವಿದೆ: ಬರೆಯುತ್ತಿರುವಾಗ ಕರೆಂಟು ಹೋದರೆ ಚಿಪ್ಪಿನಲ್ಲಿ ಅರ್ಧ ಹಳೆಯದು ಅರ್ಧ ಹೊಸದಾಗಿ ಬೋರ್ಡು ಏಳುವುದೇ ಇಲ್ಲ. ನಮ್ಮ ಕಡೆಯ ಕರೆಂಟಿನ ವಿಚಾರ ನಿಮಗೆ ನಾನು ಹೇಳಬೇಕಾಗಿಲ್ಲ. ಆದುದರಿಂದ ಹೊರಗಿನಿಂದ ಬರೆಯುವುದೇ ಕ್ಷೇಮ. ಅದಕ್ಕೆ ಸಿಎಚ್341ಎ ಎಂಬ ಸಣ್ಣ ಪ್ರೋಗ್ರಾಮರ್ ಉಪಕರಣ ಸಿಗುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಒಂದು ಕ್ಲಿಪ್ಪನ್ನು ಚಿಪ್ಪಿನ ಎಂಟು ಕಾಲುಗಳಿಗೆ ಕಚ್ಚಿಸಿ, ಇನ್ನೊಂದು ತುದಿಯನ್ನು ಬ್ಯಾಟರಿ ತುಂಬಿದ ಲ್ಯಾಪ್‌ಟಾಪಿಗೆ ಹಾಕಿದರಾಯಿತು. ಊರಿನ ಕರೆಂಟು ಹೋದರೂ ಕೆಲಸ ಕೆಡುವುದಿಲ್ಲ.

ಕಚ್ಚಿಸುವ ಮೊದಲು ಕಂಪ್ಯೂಟರಿನ ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆ ಸೆಲ್ಲನ್ನೂ ತೆಗೆದಿಡಿ. ಚಿಪ್ಪಿನ ಮೂಲೆಯಲ್ಲಿ ಒಂದು ಚುಕ್ಕೆ ಇರುತ್ತದೆ. ಅದು ಒಂದನೆಯ ಕಾಲು. ಕ್ಲಿಪ್ಪಿನ ಕೆಂಪು ತಂತಿ ಆ ಕಡೆಗೇ ಬರಬೇಕು. ಈ ಕಾಲದ ಬೋರ್ಡುಗಳಲ್ಲಿ ಚಿಪ್ಪು ಸಾಮಾನ್ಯವಾಗಿ 3.3 ವೋಲ್ಟಿನದು, ಕೆಲವು ಹೊಸ ಚಿಪ್ಪುಗಳು 1.8 ವೋಲ್ಟಿನವು, ಅವಕ್ಕೆ ಬೇರೆ ಅಡಾಪ್ಟರ್ ಬೇಕು. ಚಿಪ್ಪಿನ ಮೇಲಿನ ನಂಬರನ್ನು ಭೂತಗನ್ನಡಿಯಲ್ಲಿ ಓದಿ ಮೊದಲೇ ಖಚಿತ ಮಾಡಿಕೊಳ್ಳಿ. ಅಗ್ಗದ ಕಪ್ಪು ಬಣ್ಣದ ಕೆಲವು ಸಿಎಚ್341ಎ ಉಪಕರಣಗಳು ದತ್ತಾಂಶದ ತಂತಿಯ ಮೇಲೆ 5 ವೋಲ್ಟು ಬಿಡುತ್ತವೆಂಬುದು ರಿಪೇರಿಯವರೆಲ್ಲ ಬಲ್ಲ ದೋಷ. ಮಲ್ಟಿಮೀಟರಿನಿಂದ ಅಳೆದು ನೋಡಿದ ಮೇಲೆಯೇ ಚಿಪ್ಪಿಗೆ ಕಚ್ಚಿಸಿ.

ಇನ್ನು, ಬರೆಯುವುದಕ್ಕೆ ಮೊದಲು ಓದಬೇಕು. ಚಿಪ್ಪಿನಲ್ಲಿ ಈಗ ಇರುವುದನ್ನು ಪೂರ್ತಿ ಓದಿ ಕಡತವಾಗಿ ಉಳಿಸಿ. ಒಂದು ಸಲ ಸಾಲದು; ಮೂರು ಸಲ ಓದಿ, ಮೂರೂ ಅಕ್ಷರಕ್ಷರ ಒಂದೇ ಆಗಿವೆಯೇ ನೋಡಿ. ಬೇರೆ ಬೇರೆಯಾಗಿದ್ದರೆ ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲವೆಂದು ಅರ್ಥ. ಒಂದೇ ಆದಾಗ ಆ ಕಡತವನ್ನು ಎರಡು ಕಡೆ ಇಡಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಬೇರೆ ಯಂತ್ರದಲ್ಲಿ. ಕಸಿ ಮಾಡುವುದನ್ನೂ ಇದರ ಒಂದು ನಕಲಿನ ಮೇಲೆಯೇ ಮಾಡಿ. ಏಕೆಂದರೆ ಚಿಪ್ಪಿನಲ್ಲಿ ಬಯಾಸಲ್ಲದೆ ನಿಮ್ಮ ಬೋರ್ಡಿಗೇ ಸೇರಿದ ಗುರುತುಗಳೂ ಇರುತ್ತವೆ: ನೆಟ್‌ವರ್ಕಿನ ವಿಳಾಸ, ಸೀರಿಯಲ್ ನಂಬರು, ಇಂಟೆಲ್ ಬೋರ್ಡಾದರೆ ಅದರ ಮ್ಯಾನೇಜ್‌ಮೆಂಟ್ ಎಂಜಿನ್ನಿನ ಭಾಗ. ಪಕ್ಕದೂರಿನವರ ಬೋರ್ಡೂ ಇದೇ ಕಂಪನಿಯದು ಎಂದು ಅವರ ಚಿಪ್ಪಿನ ನಕಲನ್ನು ತಂದು ಇದಕ್ಕೆ ಬರೆದರೆ, ಅವರ ಪಹಣಿಯನ್ನು ನಿಮ್ಮ ಹೊಲಕ್ಕೆ ಅಂಟಿಸಿದಂತೆ. ಮೂಲದ ನಕಲು ಕೈಯಲ್ಲಿದ್ದರೆ, ಕಸಿ ಕೂಡದೆ ಬೋರ್ಡು ಏಳದಿದ್ದರೂ ಹೆದರಬೇಕಾಗಿಲ್ಲ. ಅದೇ ಕ್ಲಿಪ್ಪಿನಿಂದ ಹಳೆಯದನ್ನೇ ಮತ್ತೆ ಬರೆದರೆ ಎದ್ದು ಕೂರುತ್ತದೆ.

ಬರೆದಾದ ಮೇಲೆ ಬಯಾಸಿನ ಪರದೆಗೆ ಹೋದಾಗ ಗಾಬರಿಯಾಗಬೇಡಿ. ಕಾರ್ಡಿನ ಹೆಸರು ಬಾರದೆ "ಪಾಟಾ" ಎಂಬ ಹಳೆಯ ಕಾಲದ ಡಿಸ್ಕಿನ ಹೆಸರು ಕಾಣಿಸಬಹುದು. ಬಯಾಸಿಗೆ ಭಾಷೆ ಬಂದಿದೆ, ಹೆಸರಿಡಲು ಮಾತ್ರ ಬಂದಿಲ್ಲ. ಇದು ಯುಇಎಫ್‌ಐ ರೀತಿಯಲ್ಲಿ ಮಾತ್ರ ಏಳುತ್ತದೆ. ಹಳೆಯ ಡಿಸ್ಕಿನಲ್ಲಿ ಎಂಬಿಆರ್ ಎಂಬ ಹಳೆಯ ರೀತಿಯ ವಿಭಾಗ ಪಟ್ಟಿ ಇದ್ದರೆ, ಅದನ್ನು ಹಾಗೆಯೇ ನಕಲು ಮಾಡಿ ಹಾಕಿದರೆ ಏಳದು. ಜಿಪಿಟಿ ರೀತಿಗೆ ಬದಲಾಯಿಸಬೇಕು. ವಿಂಡೋಸ್ 10ರಲ್ಲಿ 2017ರಿಂದ ಇದಕ್ಕೆ ಎಂಬಿಆರ್2ಜಿಪಿಟಿ ಎಂಬ ಸಾಧನ ಜೊತೆಗೇ ಇದೆ. ವಿಂಡೋಸ್ 7ಕ್ಕೆ ಎನ್‌ವಿಎಂಇ ಹುಟ್ಟಾ ಬರುವುದಿಲ್ಲ, ಅದನ್ನು ಬಿಟ್ಟುಬಿಡಿ.

ವಿಂಡೋಸಿನ ಮಾತು ಬಂದದ್ದರಿಂದ ಇನ್ನೊಂದು ಸತ್ಯವನ್ನು ಹೇಳಬೇಕು. ವಿಂಡೋಸ್ 10ಕ್ಕೆ ಕಂಪನಿ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2012ರ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದಿಲ್ಲ. ಕಣಜ ಎಷ್ಟೇ ಹೊಸದಾದರೂ ಇದು ಬದಲಾಗದು. ಲಿನಕ್ಸು ಹಾಕಿದರೆ ಈ ತೊಡಕಿಲ್ಲ. ಆದರೆ ಸಂಘದ ಲೆಕ್ಕದ ಪ್ರೋಗ್ರಾಮು ಲಿನಕ್ಸಿನಲ್ಲಿ ನಡೆಯುವುದೇ ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ನಡೆಯದಿದ್ದರೆ ದುಡ್ಡು ಕೂಡಿಸಿ ಹೊಸ ಯಂತ್ರವನ್ನೇ ಕೊಳ್ಳುವುದು ಸರಿ, ಹಳೆಯದನ್ನು ಶಾಲೆಗೆ ಕೊಡಿ.

ಲಿನಕ್ಸಿನವರಿಗೆ ಕಸಿಯಿಲ್ಲದ ಒಳದಾರಿಯೂ ಒಂದುಂಟು. ಲಿನಕ್ಸಿನ ತಿರುಳಿಗೆ 2012ರಿಂದಲೇ ಎನ್‌ವಿಎಂಇ ಬರುತ್ತದೆ. ಆದುದರಿಂದ ಎಬ್ಬಿಸುವ ಸಣ್ಣ ಭಾಗವನ್ನು ಮಾತ್ರ ಹಳೆಯ ಡಿಸ್ಕಿನಲ್ಲೋ ಪೆನ್‌ಡ್ರೈವಿನಲ್ಲೋ ಇಟ್ಟು, ಉಳಿದದ್ದನ್ನೆಲ್ಲ ಹೊಸ ಕಾರ್ಡಿನಲ್ಲಿ ಇಡಬಹುದು. ನೀರುಗಂಟಿ ಹಳೆಯ ತೂಬನ್ನೇ ಎತ್ತಲಿ, ಮುಂದೆ ನೀರು ಹೊಸ ಕಾಲುವೆ ಸೇರಲಿ. ವಿಂಡೋಸಿನವರು ಕ್ಲೋವರ್ ಎಂಬ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ, ಅದರೊಳಗೆ ಎನ್‌ವಿಎಂಇಯ ತುಣುಕಿಟ್ಟು ಇದೇ ಕೆಲಸ ಮಾಡಬಹುದು. 2010ಕ್ಕಿಂತ ಹಳೆಯ, ಯುಇಎಫ್‌ಐ ಇಲ್ಲದ ಬೋರ್ಡುಗಳಿಗೆ ಇದೇ ದಾರಿ, ಏಕೆಂದರೆ ಅವಕ್ಕೆ ಈ ಕಸಿ ಕೂಡುವುದಿಲ್ಲ. 2015ರ ಸ್ಯಾಮ್‌ಸಂಗ್ 950 ಪ್ರೊ ಕಾರ್ಡಿನಲ್ಲಿ ಮಾತ್ರ ಹಳೆಯ ಬಯಾಸಿಗೂ ತಿಳಿಯುವ ತುಣುಕನ್ನು ಅದರೊಳಗೇ ಇಟ್ಟಿದ್ದರು, ಅಂಥದ್ದು ಅಪರೂಪ. ಪೆನ್‌ಡ್ರೈವು ಯಾವಾಗಲೂ ಯಂತ್ರದಲ್ಲೇ ಇರಬೇಕೆಂಬುದೊಂದೇ ಇದರ ಕಿರಿಕಿರಿ. ನನ್ನನ್ನು ಕೇಳಿದರೆ, ಸಂಘದ ಯಂತ್ರಕ್ಕೆ ಮೊದಲು ಈ ದಾರಿಯನ್ನೇ ನೋಡಿ ಎನ್ನುತ್ತೇನೆ. ಚಿಪ್ಪನ್ನು ಮುಟ್ಟುವ ಪ್ರಯೋಗ ಮನೆಯ ಯಂತ್ರದ ಮೇಲಾಗಲಿ.

ಕೆಲವು ಯಂತ್ರಗಳ ಗೊಡವೆಗೆ ಹೋಗಲೇಬೇಡಿ. ದೊಡ್ಡ ಕಂಪನಿಗಳ ಕಚೇರಿ ಯಂತ್ರಗಳಲ್ಲಿ, ಲ್ಯಾಪ್‌ಟಾಪುಗಳಲ್ಲಿ, ತಿದ್ದಿದ ಬಯಾಸನ್ನು ಪತ್ತೆಹಚ್ಚಿ ಏಳಲು ಬಿಡದಿರುವ ಕಾವಲು ಇರಬಹುದು. ಇಂಟೆಲ್‌ನವರ ಬೂಟ್ ಗಾರ್ಡ್ ಎಂಬ ಕಾವಲು 2013ರ ಪೀಳಿಗೆಯಿಂದ ಬಂದಿತು. ಸರ್ಕಾರದ ಯೋಜನೆಯಲ್ಲಿ ಸಂಘಕ್ಕೆ ಬಂದ ಯಂತ್ರ, ಇನ್ನೂ ಗ್ಯಾರಂಟಿ ಇರುವ ಯಂತ್ರ, ಇವನ್ನು ಮೇಲಿನವರ ಒಪ್ಪಿಗೆಯಿಲ್ಲದೆ ಬಿಚ್ಚಕೂಡದು. ಸಂಘದ ಸ್ವಂತ ಯಂತ್ರವಾದರೂ ಕಾರ್ಯದರ್ಶಿ ಒಬ್ಬರೇ ತೀರ್ಮಾನಿಸದೆ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿಸಿಕೊಳ್ಳುವುದು ಒಳ್ಳೆಯದು. ಒಳಗಿರುವುದು ಇನ್ನೂರು ಮನೆಗಳ ಹಾಲಿನ ಹಣದ ಲೆಕ್ಕ.

ಆ ಲೆಕ್ಕದ ನಕಲು ತೆಗೆಯುವುದು ಇವೆಲ್ಲಕ್ಕಿಂತ ಮೊದಲ ಕೆಲಸ. ಬಯಾಸು ತಿದ್ದುವುದರಿಂದ ಡಿಸ್ಕಿನ ಲೆಕ್ಕ ಅಳಿಯುವುದಿಲ್ಲ. ಅಳಿಯುವುದು ಹಳೆಯ ಡಿಸ್ಕಿನಿಂದ ಹೊಸದಕ್ಕೆ ನಕಲು ಮಾಡುವಾಗ, ಯಾವುದರಿಂದ ಯಾವುದಕ್ಕೆ ಎಂಬುದನ್ನು ತಿರುವುಮುರುವು ಮಾಡಿದರೆ. ಖಾಲಿ ಕಾರ್ಡಿನ ನಕಲು ತುಂಬಿದ ಡಿಸ್ಕಿನ ಮೇಲೆ ಬಿದ್ದರೆ ಹತ್ತು ವರ್ಷದ ಲೆಕ್ಕ ಎರಡು ನಿಮಿಷದಲ್ಲಿ ಹೋಯಿತು. ಅದಕ್ಕಾಗಿ ಮೊದಲು ಲೆಕ್ಕದ ಕಡತಗಳನ್ನು ಬೇರೊಂದು ಡಿಸ್ಕಿಗೆ ಹಾಕಿ, ಬೇರೊಂದು ಯಂತ್ರದಲ್ಲಿ ತೆರೆದು, ಕಳೆದ ತಿಂಗಳ ಬಟವಾಡೆಯ ಪಟ್ಟಿ ಸರಿಯಾಗಿ ಕಾಣುತ್ತದೆಯೇ ಎಂದು ಕಣ್ಣಾರೆ ನೋಡಿ. ಹೊಸ ಕಣಜದಿಂದ ಯಂತ್ರ ಚೆನ್ನಾಗಿ ನಡೆಯತೊಡಗಿದ ಮೇಲೂ ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ. ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಆ ವರ್ಷದ ಆಡಿಟ್ ಮುಗಿಯುವವರೆಗಾದರೂ ಬೀರುವಿನಲ್ಲಿ ಇಡಿ.

ಬೋರ್ಡಿನ ಹೆಸರು ಮತ್ತು ನಂಬರನ್ನು ಚೀಟಿಯಲ್ಲಿ ಬರೆದು ತರಲು ಯುವಕ ಮಂಡಲದವರಿಗೆ ಮೊದಲೇ ತಿಳಿಸಿದ್ದೆ. ತಂದಿರುವವರು ಹಾಗೆಯೇ ಮುಂದೆ ಬನ್ನಿ. ಯಾವುದಕ್ಕೆ ಸಾಟಾ ಸಾಕು, ಯಾವುದಕ್ಕೆ ಪೆನ್‌ಡ್ರೈವು, ಯಾವುದಕ್ಕೆ ಕಸಿ ಎಂದು ಒಂದೊಂದಾಗಿ ನೋಡೋಣ.